ಟೈರು ನೋಡುತ್ತಿದ್ದ ಕಂಡಕ್ಟರು

ಎಪ್ಪತ್ತರ ದಶಕದ ಮಾತು. ಹಿರಿಯೂರಿನಿಂದ ದುರ್ಗದ ಶಾಲೆಗೆ ಪಾಠ ಹೇಳಲು ನಾನು ದಿನಾ ಹೋಗುತ್ತಿದ್ದ ಬಸ್ಸಿನ ಕಂಡಕ್ಟರಿಗೆ ಮರ್ಯಾದೆಯೆಂಬುದೇ ಗೊತ್ತಿರಲಿಲ್ಲ. ಐಮಂಗಲ ದಾಟುತ್ತಲೇ ನನಗೆ ಎದೆ ಡವಗುಟ್ಟಿ, ಕೈಕಾಲು ಜೋಮು ಹಿಡಿದು, ಈಗ ಸತ್ತೆ ಎನ್ನಿಸುತ್ತಿತ್ತು. ಡಾಕ್ಟರು ಏನೂ ಇಲ್ಲವೆಂದು ನಕ್ಕು, ಮದುವೆಯಾಗಲು ಹೇಳಿದ್ದರು. ಅಷ್ಟು ಓದಿದ್ದಕ್ಕೆ ಅಷ್ಟೇ ಬುದ್ಧಿ. ಈ ಕಂಡಕ್ಟರು ಮಾತ್ರ ಪಕ್ಕದಲ್ಲಿ ಕೂತು, ಇಡೀ ಬಸ್ಸಿಗೆ ಕೇಳುವಂತೆ ಹಂಗಿಸುತ್ತಿದ್ದ: "ಸಾಯ್ತೀರಾ? ಆ ಯೋಗ್ಯತೆ ಎಲ್ಲೈತ್ರಿ ನಿಮಗೆ? ಉಸಿರು ನಿಧಾನಕ್ಕೆ ಬಿಡ್ರಿ." ಸಿಟ್ಟು ನೆತ್ತಿಗೇರಿ ನನಗೆ ಸಾವೇ ಮರೆತುಹೋಗುತ್ತಿತ್ತು.

ಆಗಾಗ ಅವನು ಬಸ್ಸು ನಿಲ್ಲಿಸಿ ಟೈರು ನೋಡಲು ಇಳಿಯುತ್ತಿದ್ದ. ಒಂದು ದಿನ ಶಾಲೆಗೆ ತಡವಾಯಿತೆಂದು ಜಗಳಕ್ಕೆ ನಾನೂ ಇಳಿದೆ. ಟೈರು ಸರಿಯಾಗಿಯೇ ಇತ್ತು. ಅದನ್ನು ತಬ್ಬಿ ಕೂತಿದ್ದ ಕಂಡಕ್ಟರು ಬೆವರಿನಲ್ಲಿ ತೊಯ್ದು, ಏದುಸಿರು ಬಿಡುತ್ತ ಗಡಗಡ ನಡುಗುತ್ತಿದ್ದ. ನನ್ನದೇ ಕಾಯಿಲೆ! ಹೆಗಲ ಮೇಲೆ ಕೈಯಿಟ್ಟೆ. ಕೊಡವಿ ಹಾಕಿದ.

"ಕನಿಕರ ಬ್ಯಾಡ್ರಿ, ಜಾಸ್ತಿ ಆಗ್ತೈತೆ. ಬೈಯ್ರಿ!"

ಮಕ್ಕಳಿಗೂ ಗದರದ ನಾನು ನಡುರಸ್ತೆಯಲ್ಲಿ ಅಬ್ಬರಿಸಿದೆ: "ಲೇ, ಸಾಯೋ ಯೋಗ್ಯತೆ ನಿನಗೆಲ್ಲೈತಲೇ?" ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಬೈಗುಳ ಮುಗಿಯುವ ಹೊತ್ತಿಗೆ ಅವನು ಎದ್ದು ನಿಂತು ಮುಖ ಒರೆಸಿಕೊಂಡ.

"ಮೇಷ್ಟ್ರಾಗಿ ನೆಟ್ಟಗೆ ಬೈಯಾಕೂ ಬರಲ್ಲ ನಿಮಗೆ," ಎಂದವನೇ, ಉಸಿರು ತುಂಬಿ ಸೀಟಿ ಊದಿದ.