ಆರುನೂರು ವಾಟ್ ಸಿಮೆಂಟು

ಇವತ್ತು ಬೆಳಿಗ್ಗೆ ನಮ್ಮ ಆಫೀಸಿನ ಕೆಳಗಿರುವ ಮೋಟಾರ್ ರಿವೈಂಡಿಂಗ್ ಅಂಗಡಿಯಿಂದ ವಾರ್ನಿಷ್ ಸುಟ್ಟ ವಾಸನೆ ಮೇಲೇರಿ ಬಂತು. ಪೀಣ್ಯದಲ್ಲಿ ಇದೇನು ವಿಶೇಷವಲ್ಲ. ಉಳಿದವರು ಎದ್ದು ಕಿಟಕಿ ಮುಚ್ಚಿ, ಕೆಮ್ಮಿ, ಮತ್ತೆ ಕೆಲಸಕ್ಕೆ ಕೂತರು. ನನಗೆ ಮಾತ್ರ ಸಿಟ್ಟು ಬಂತು. ವಾಸನೆ ಕುಡಿದು ಸಿಟ್ಟಾಗುವವಳು ಈ ಇಡೀ ಕೈಗಾರಿಕಾ ಎಸ್ಟೇಟಿನಲ್ಲಿ ನಾನೊಬ್ಬಳೇ ಇರಬೇಕು. ಯಾಕೆಂದು ಹೇಳುತ್ತೇನೆ, ಕೇಳಿದ ಮೇಲೆ ನಿಮಗೂ ಸ್ವಲ್ಪ ಸಿಟ್ಟು ಬಂದರೆ ನನಗೆ ಸಮಾಧಾನ.

ಆರೇಳು ವರ್ಷಗಳ ಹಿಂದಿನ ಮಾತು. ಪ್ರೆಸ್ ಟೂಲ್, ಅಂದರೆ ಲೋಹದ ಹಾಳೆ ಕತ್ತರಿಸುವ ಡೈಗಳನ್ನು ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಡಿಸೈನರ್ ಆಗಿದ್ದೆ. ಮಾಲೀಕರು ಒಂದು ಸೋಮವಾರ ಡಿಸೈನ್ ವಿಭಾಗವನ್ನೇ ಮುಚ್ಚಿ, "ಮನೆಯಿಂದಲೇ ಡ್ರಾಯಿಂಗ್ ಮಾಡ್ಕೊಡಿ ಮೇಡಂ, ನಿಮಗೂ ಆರಾಮು" ಎಂದರು. ನನ್ನ ಆರಾಮಿನ ಬಗ್ಗೆ ಅವರಿಗೆ ಅಷ್ಟು ಕಾಳಜಿಯಿತ್ತೆಂದು ಒಂಬತ್ತು ವರ್ಷದಲ್ಲಿ ಅವತ್ತೇ ಗೊತ್ತಾಗಿದ್ದು. ಜಾಲಹಳ್ಳಿಯ ನಮ್ಮ ಮನೆಯಲ್ಲಿದ್ದ ಕಂಪ್ಯೂಟರಿನಲ್ಲಿ ಒಂದು ಡೈ ಡ್ರಾಯಿಂಗ್ ತೆರೆಯಲು ಒತ್ತಿ, ಅಡುಗೆಮನೆಗೆ ಹೋಗಿ ಉಪ್ಪಿಟ್ಟು ಮಾಡಿಕೊಂಡು ಬಂದರೂ ಅದು ಇನ್ನೂ ತೆರೆಯುತ್ತಲೇ ಇರುತ್ತಿತ್ತು. ಹೊಸದೊಂದು ಬೇಕೇ ಬೇಕಿತ್ತು. ಕಂಪನಿಗಳು ಕೊಳ್ಳುವಂಥದ್ದನ್ನು ಕೊಳ್ಳುವ ಶಕ್ತಿ ಇರಲಿಲ್ಲ.

ನಮ್ಮ ಎದುರುಮನೆಯ ರತ್ನಮ್ಮ ಮೇಡಂ ಅವರನ್ನು ನಿಮಗೆ ಪರಿಚಯಿಸದೆ ಮುಂದೆ ಹೋಗುವಂತಿಲ್ಲ. ನಾಗಸಂದ್ರದ ಹಳೇ ಊರಿನವರು. ರಾಗಿ ಬೆಳೆಯುತ್ತಿದ್ದ ಮನೆತನದಿಂದ ಸರ್ಕಾರಿ ಕಾರ್ಖಾನೆಯ ಟೆಸ್ಟಿಂಗ್ ವಿಭಾಗಕ್ಕೆ ಸೇರಿ, ಅಲ್ಲೇ ನಿವೃತ್ತರಾದವರು. ನಿವೃತ್ತಿಯ ಮೇಲೆ ಎಲ್ಲರೂ ತೀರ್ಥಯಾತ್ರೆಗೆ ಹೋದರೆ ಇವರು ಕಂಪ್ಯೂಟರ್ ಕಟ್ಟಿ ಕಾರ್ ರೇಸ್ ಆಡಲು ಕೂತರು. ಸೊಂಟಕ್ಕೆ ಸೆರಗು ಸಿಕ್ಕಿಸಿ, ತಿರುವಿನಲ್ಲಿ ಮೈಯನ್ನೂ ವಾಲಿಸಿ ಆಡುತ್ತಿದ್ದರು. ದಾರಿಗೆ ಅಡ್ಡ ಬಂದ ಕಾರುಗಳಿಗೆ ಅವರು ಬೈಯುತ್ತಿದ್ದುದು ನಮ್ಮ ವರಾಂಡಕ್ಕೆ ಸ್ಪಷ್ಟವಾಗಿ ಕೇಳುತ್ತಿತ್ತು.

ನನ್ನ ಕಷ್ಟ ಕೇಳಿ ಅವರು, "ಓವರ್‌ಕ್ಲಾಕ್ ಮಾಡೋಣ" ಎಂದರು. ಪ್ರೊಸೆಸರನ್ನು ಅದರ ಮೇಲೆ ಬರೆದ ವೇಗಕ್ಕಿಂತ ಹೆಚ್ಚು ಓಡಿಸುವುದು. ನಾನು ಕೇಳಿದೆ:

"ಸುಟ್ಟೋದ್ರೆ?"

"ಎಲ್ಲಾ ಮಿಷಿನ್ನೂ ಬರ್ದಿರೋದಕ್ಕಿಂತ ಒಂಚೂರು ಜಾಸ್ತಿ ಓಡ್ತೈತೆ ಕಣವ್ವ. ಎಷ್ಟು ಜಾಸ್ತಿ ಅಂತ ಕಂಡಿಡಿಯೋದೇ ನನ್ ನೌಕ್ರಿ ಆಗಿತ್ತು. ದುಡ್ಡು ಕಮ್ಮಿ ಇದ್ದಾಗ ಕೆಳಗಿಂದ ಕಟ್ಕೊಂಡ್ ಬರ್ಬೇಕು, ನೋಡು ಇಂಗೆ. ಮೊದ್ಲು ಕರೆಂಟ್ ಕೊಡೋ ಪವರ್ ಸಪ್ಲೈ. ಆಮೇಲೆ ಆ ಕರೆಂಟು ತಡ್ಕೊಳೋ ಬೋರ್ಡು. ಆಮೇಲೆ ಗಾಳಿ, ದೊಡ್ಡ ಫ್ಯಾನು. ಪ್ರೊಸೆಸರು ಓದ್ ವರ್ಸದ್ದಾದ್ರೂ ಪರ್ವಾಗಿಲ್ಲ, ವೇಗಕ್ಕೆ ಬೀಗ ಆಕಿರ್ಬಾರ್ದು ಅಷ್ಟೆ. ಡಬ್ಬ ಎಂಥದಾದ್ರೂ ಆಗ್ಲಿ, ತಗಡು ಸಾಕು."

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪಟ್ಟಿ ಬರೆದುಕೊಟ್ಟರು. ಪವರ್ ಸಪ್ಲೈ ಹೆಸರಿನ ಕೆಳಗೆ ಎರಡು ಗೆರೆ ಎಳೆದರು.

ಪಟ್ಟಿ ಹಿಡಿದು ತುಮಕೂರು ರಸ್ತೆಯ ಅಂಗಡಿಗೆ ಹೋದೆ. ಅಂಗಡಿಯವನು ನನ್ನನ್ನು ನೋಡಿ, ನನ್ನ ಬೆನ್ನ ಹಿಂದೆ ನೋಡಿ, "ಸಾರ್ ಬಂದಿಲ್ವಾ ಮೇಡಂ?" ಎಂದ. ಇಲ್ಲ ಎಂದೆ. "ಯಾರಿಗೆ, ಮಗನ ಗೇಮ್‌ಗಾ?" ನನಗೆ ಎಂದೆ. ಅವನು ನಕ್ಕ. ಅರ್ಧ ಇಂಚು ದಪ್ಪದ ಉಕ್ಕನ್ನು ಹೇಗೆ ಕತ್ತರಿಸಬೇಕೆಂದು ಲೆಕ್ಕ ಹಾಕಿ ಬದುಕುವ ಹೆಂಗಸಿಗೆ ಆ ನಗೆಯನ್ನು ಕತ್ತರಿಸಲು ಮಾತ್ರ ಆಗಲಿಲ್ಲ. ಆ ಹೇಡಿತನಕ್ಕೆ ಈಗಲೂ ನನ್ನ ಮೇಲೆ ನನಗೆ ಕೋಪವಿದೆ.

ಆಮೇಲೆ ಅವನು ಕಂಪ್ಯೂಟರ್ ಕೂರಿಸುವ, ಗಾಜಿನ ಪಕ್ಕೆಯ ಒಂದು ಕ್ಯಾಬಿನೆಟ್ ತೋರಿಸಿದ. ಒಳಗೆ ನೀಲಿ, ನೇರಳೆ ದೀಪಗಳು. "ಪಟ್ಟೀಲಿರೋ ಪವರ್ ಸಪ್ಲೈ ಬದ್ಲು ಈ ಕಂಪನೀದು ತಗೊಳ್ಳಿ ಮೇಡಂ, ಆರುನೂರು ವಾಟ್. ಅದೇ ಬಜೆಟ್ಟಲ್ಲಿ ಗ್ಲಾಸ್ ಕ್ಯಾಬಿನೆಟ್ಟೂ ಬರತ್ತೆ. ಕೈಯಲ್ಲಿ ಹಿಡಿದು ತೂಕ ನೋಡಿ, ಸಕ್ಕತ್ ಮಾಲು."

ಆ ಪವರ್ ಸಪ್ಲೈ ಹಿಡಿದು ನೋಡಿದೆ. ಭಾರವಾಗಿತ್ತು. ಕೆಲಸ ಕಳೆದುಕೊಂಡವಳ ಮನೆಯ ಮೂಲೆಯಲ್ಲಿ ಆ ಗಾಜಿನ ಪೆಟ್ಟಿಗೆ ಇದ್ದರೆ, ಕೆಲಸ ಕೊಡಲು ಬಂದವರಿಗೆ ಇದೂ ಒಂದು ಆಫೀಸು ಅನ್ನಿಸೀತು ಎಂದುಕೊಂಡೆ. ಎರಡನ್ನೂ ತಗೊಂಡುಬಿಟ್ಟೆ.

ಪವರ್ ಸಪ್ಲೈ ಆ ಪೆಟ್ಟಿಗೆಯ ತಳದಲ್ಲಿ, ಮುಚ್ಚಳದ ಮರೆಯಲ್ಲಿ ಕೂರುತ್ತದೆ. ವೇಗ ಏರಿಸಲು ಬಂದ ರತ್ನಮ್ಮ ಮೇಡಂ ದೀಪಗಳನ್ನು ನೋಡಿ, "ಇದ್ಯಾವ ಆರ್ಕೆಸ್ಟ್ರಾ?" ಎಂದರು. ಆಮೇಲೆ ಕೇಳಿದರು: "ಪವರ್ ಸಪ್ಲೈ ನಾನ್ ಬರ್ದಿದ್ದೇ ತಾನೆ?"

"ಹೂಂ ಮೇಡಂ."

ಎರಡು ದಿನ ಕೂತು, ವೇಗವನ್ನು ಒಂದೊಂದೇ ಮೆಟ್ಟಿಲು ಏರಿಸಿ, ಪ್ರತಿ ಮೆಟ್ಟಿಲಿಗೂ ಗಂಟೆಗಟ್ಟಲೆ ಪರೀಕ್ಷೆ ಮಾಡಿ ಅವರು ನಿಲ್ಲಿಸಿದರು. ಉಪ್ಪಿಟ್ಟಿನ ರವೆ ಹುರಿಯುವಷ್ಟರಲ್ಲಿ ಡ್ರಾಯಿಂಗ್ ತೆರೆಯತೊಡಗಿತು. ಮೂರು ವಾರ ನಾನು ರಾಣಿಯಂತಿದ್ದೆ.

ಮೂರನೆಯ ವಾರದ ಕೊನೆಗೆ ಒಂದು ಮಧ್ಯಾಹ್ನ, ಸಂಜೆಗೆ ಕೊಡಬೇಕಿದ್ದ ಡೈನ ಕೊನೆಯ ಹಾಳೆ ಮಾಡುತ್ತಿದ್ದಾಗ ಟಪ್ ಎಂದಿತು. ದೀಪಗಳು ಆರಿದವು. ಕೋಣೆ ತುಂಬ ಇವತ್ತಿನದೇ ವಾಸನೆ. ಬೋರ್ಡನ್ನೂ ಜೊತೆಗೆ ಕರೆದುಕೊಂಡು ಪವರ್ ಸಪ್ಲೈ ಹೋಗಿತ್ತು. ಆ ಕೆಲಸ ಬೇರೊಬ್ಬರ ಪಾಲಾಯಿತು. ಆ ಗಿರಾಕಿ ಮತ್ತೆ ನನ್ನ ಕಡೆ ತಿರುಗಲಿಲ್ಲ.

ಮರುದಿನ ರತ್ನಮ್ಮ ಮೇಡಂ ನನ್ನ ಜೊತೆ ಅಂಗಡಿಗೆ ಹೊರಟರು. ಬೇಡ ಎಂದರೆ ಕಾರಣ ಹೇಳಬೇಕಿತ್ತು. ಹೇಳಲಿಲ್ಲ.

ಅಂಗಡಿಯವನು ಪೆಟ್ಟಿಗೆ ನೋಡಿದ ತಕ್ಷಣ, "ಓವರ್‌ಕ್ಲಾಕ್ ಮಾಡಿದ್ರಾ? ಹಾಗಾದ್ರೆ ವಾರಂಟಿ ಇಲ್ಲ" ಎಂದ.

"ಬಿಲ್ ಕೊಡವ್ವ" ಎಂದರು ಮೇಡಂ. ಓದಿದರು. ಒಂದು ಸಲ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಇಲ್ಲಿಗೆ ಎಲ್ಲ ಮುಗಿಯಿತು, ಇನ್ನು ಇವರು ತಿರುಗಿ ಮನೆಗೆ ಹೋಗುತ್ತಾರೆ ಎಂದುಕೊಂಡೆ. ಅವರು ಹೋಗಲಿಲ್ಲ. ಕೌಂಟರಿನ ಮೇಲಿದ್ದ ಸ್ಕ್ರೂಡ್ರೈವರ್ ಎತ್ತಿಕೊಂಡು, ಸತ್ತ ಪವರ್ ಸಪ್ಲೈಯ ನಾಲ್ಕು ಸ್ಕ್ರೂ ಬಿಚ್ಚಿದರು. ಒಳಗೆ ಬೆರಳ ಗಾತ್ರದ ನಾಲ್ಕೈದು ಬಿಡಿಭಾಗಗಳು. ಉಳಿದ ಜಾಗದಲ್ಲಿ, ಅಂಟು ಹಾಕಿ ಕೂರಿಸಿದ ಒಂದು ಸಿಮೆಂಟಿನ ಗಟ್ಟಿ.

ನಾನು ಕೈಯಲ್ಲಿ ಹಿಡಿದು ಮೆಚ್ಚಿದ್ದು ಅದನ್ನು!

ಈಗ ಹೇಳಿ, ನಿಮಗೆ ಸಿಟ್ಟು ಬರುವುದಿಲ್ಲವೇ? ಈ ಊರಲ್ಲಿ ಕಬ್ಬಿಣ, ಸಿಮೆಂಟು ನಾವು ಕಾಣದ್ದಲ್ಲ. ಆದರೆ ಹಾಕಿದರೆ ಕೆಲಸಕ್ಕೆ ಹಾಕುತ್ತೇವೆ. ಮೋಸ ಮಾಡುವುದಕ್ಕೂ ಒಬ್ಬ ಕೂತು, ಅಳತೆ ತೆಗೆದು, ಅಚ್ಚು ಮಾಡಿ, ಈ ಗಟ್ಟಿಯನ್ನು ಎರಕ ಹೊಯ್ದಿದ್ದಾನೆ. ಯಾರೋ ನನ್ನಂಥ ಡಿಸೈನರೇ ಅದರ ಡ್ರಾಯಿಂಗ್ ಮಾಡಿರಬೇಕು ಎಂದು ಹೊಳೆದಾಗ ಮೈ ಉರಿದುಹೋಯಿತು.

"ನಮಗೂ ಹಿಂಗೇ ಬಂದಿರೋದು ಮೇಡಂ, ನಾವೇನ್ ಬಿಚ್ಚಿ ನೋಡ್ತೀವಾ?" ಎಂದ ಅಂಗಡಿಯವನು. "ನಿಮ್ಮೋರೇ ಕೇಳಿ ತಗೊಂಡಿದ್ದು."

"ಇವ್ಳು ದಡ್ಡಿ, ಒಪ್ತೀನಿ. ನನ್ ಅತ್ರ ಸುಳ್ಳೂ ಯೋಳವ್ಳೆ, ಅದನ್ನ ಆಮೇಲ್ ಇಚಾರಿಸ್ಕೊತೀನಿ. ಆದ್ರೆ ಡಬ್ಬದ ಮೇಲೆ ಆರ್‌ನೂರು ವಾಟ್ ಅಂತ ಬರ್ದಿದ್ದು ಇವ್ಳಲ್ಲ. ಅಲ್ಲೈತಲ್ಲ ಶೆಲ್ಫಲ್ಲಿ ಇನ್ನೂ ಏಳು, ಅವನ್ನ ಏನ್ ಮಾಡ್ತೀಯ?"

ಅವನು ಪವರ್ ಸಪ್ಲೈಯ ಹಣ ವಾಪಸ್ ಕೊಟ್ಟ, ಬೋರ್ಡಿನದು ಕೊಡಲಿಲ್ಲ. ಏಳು ಡಬ್ಬಗಳು ಶೆಲ್ಫಿನಲ್ಲೇ ಉಳಿದವು.

ಬಸ್ಸಿನಲ್ಲಿ ಮೇಡಂ ಆ ಸಿಮೆಂಟಿನ ಗಟ್ಟಿಯನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದರು. ಜಾಲಹಳ್ಳಿ ಕ್ರಾಸ್ ಹತ್ತಿರ ಬಂದಾಗ, "ದೀಪ ಬೇಕಿದ್ರೆ ನನ್ನ ಕೇಳ್ಬಾರ್ದಿತ್ತಾ? ದೀಪಾವಳಿ ಸೀರಿಯಲ್ ಸೆಟ್ಟು ಅಟ್ಟದ ಮೇಲೆ ಬಿದ್ದೈತೆ" ಎಂದರು. ವಿಚಾರಣೆ ಅಷ್ಟೇ. ಬೈದಿದ್ದರೆ ಹಗುರಾಗುತ್ತಿದ್ದೆ.

ಶನಿವಾರ ಬೆಳಿಗ್ಗೆ ಬಾಗಿಲು ಬಡಿದರು. "ನಡಿ, ಡಬ್ಬ ಇನ್ನೂ ಅಲ್ಲೇ ಐತಂತೆ." ಅಂಗಡಿಯ ಎದುರಿನ ಫುಟ್‌ಪಾತಿನಲ್ಲಿ, ಟೀ ಅಂಗಡಿಯ ಸ್ಟೂಲಿನ ಮೇಲೆ ಕೂತೆವು. ಅವರ ಮಡಿಲಲ್ಲಿ ಸಿಮೆಂಟಿನ ಗಟ್ಟಿ. ಒಳಗೆ ಹೋಗುವ ಪ್ರತಿಯೊಬ್ಬರನ್ನೂ ಕರೆದು ಅದನ್ನು ಕೈಗೆ ಕೊಟ್ಟು, "ಇದು ಆರ್‌ನೂರು ವಾಟ್ ಸಾರ್, ಇಡ್ಕೊಂಡ್ ನೋಡಿ" ಎನ್ನುತ್ತಿದ್ದರು. ನನ್ನ ಕಡೆ ಕೈ ತೋರಿಸಿ, "ಮಿಕ್ಕಿದ್ದು ಈಯಮ್ಮ ಯೋಳ್ತಾಳೆ." ನಾನು ಹೇಳುತ್ತಿದ್ದೆ: ಮೋಸ ಮಾಡಿದ, ಸುಟ್ಟಿತು, ಕೆಲಸ ಹೋಯಿತು. ಪಟ್ಟಿಯ ವಿಷಯ, ಎರಡು ಗೆರೆಯ ವಿಷಯ ಹೇಳುತ್ತಿರಲಿಲ್ಲ. ಮೇಡಂ ಪಕ್ಕದಲ್ಲೇ ಕೂತು ಟೀ ಕುಡಿಯುತ್ತಿದ್ದರು. ಮೂರನೆಯ ಶನಿವಾರ ನಾವು ಹೋಗುವ ಹೊತ್ತಿಗೆ ಶೆಲ್ಫ್ ಖಾಲಿಯಾಗಿತ್ತು. ಅಂಗಡಿಯವನು ಹೊರಗೆ ಬಂದು, "ವಾಪಸ್ ಕಳ್ಸಿದೀನಿ, ಮನೆಗೆ ಹೋಗ್ರಮ್ಮ" ಎಂದು ಕೈ ಮುಗಿದ.

ಅಂದಿನಿಂದ ಈ ಕತೆಯನ್ನು ಎಷ್ಟು ಜನರಿಗೆ ಹೇಳಿದ್ದೇನೋ. ಪ್ರತಿ ಸಲವೂ ನನ್ನ ಸುಳ್ಳನ್ನು ಬಿಟ್ಟು ಹೇಳಿದ್ದೇನೆ. ಪೂರ್ತಿ ಹೇಳಿದ್ದು ನಿಮಗೇ ಮೊದಲು. ಇಷ್ಟು ಹೇಳಿದ ಮೇಲೆ ಕೂತಲ್ಲಿ ಕೂರಲಾಗದೆ, ಊಟದ ಬಿಡುವಿನಲ್ಲಿ ರತ್ನಮ್ಮ ಮೇಡಂಗೆ ಫೋನ್ ಮಾಡಿದೆ. ಅತ್ತ ಕಡೆ ಕಾರುಗಳ ಗರ್ಜನೆ. ಇಷ್ಟು ವರ್ಷ ಅರ್ಧ ಕತೆ ಹೇಳಿಕೊಂಡು ತಿರುಗಿದೆ, ತಪ್ಪಾಯಿತು ಎಂದೆ.

"ಅಯ್ಯೋ, ಅದ್ಕ್ಯಾಕ್ ಅಳ್ತೀಯ? ನೀನ್ ಬಿಟ್ಟಿದ್ದನ್ನ ನಾನು ಅವತ್ತೇ ಇಡೀ ಜಾಲಹಳ್ಳಿಗೆ ಯೋಳಿವ್ನಿ" ಎಂದು ಅವರು ಫೋನ್ ಇಟ್ಟರು.

ನಾನು ಮುಖ ಕೆಂಪಗೆ ಮಾಡಿಕೊಂಡು ಆಫೀಸಿನ ಮೆಟ್ಟಿಲ ಮೇಲೆ ನಿಂತಿದ್ದೆ. ಸಿಟ್ಟು ಬಂದಿತ್ತು. ಈ ಸಲ ಅದು ರತ್ನಮ್ಮ ಮೇಡಂ ಮೇಲೆ, ಅದೂ ಅವರು ನಿಜ ಹೇಳಿದ್ದಕ್ಕೆ ಎಂದು ಗೊತ್ತಾದ ಮೇಲೆ ನಗು ತಡೆಯಲಾಗಲಿಲ್ಲ.