ಶಂಕ್ರಮ್ಮ ಜಗಳ ಬಿಟ್ಟ ಚಳಿಗಾಲ

ನಮ್ಮ ಖಾನಾವಳಿ ಇನ್ನೂ ಬೇಗಂಪೇಟೆ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿದ್ದ ಆ ದಿನಗಳಲ್ಲಿ, ರೊಟ್ಟಿ ಬಡಿಯುವ ಶಂಕ್ರಮ್ಮ ದಿನಾ ಮಧ್ಯಾಹ್ನ ಕೆಲಸ ಬಿಡುತ್ತಿದ್ದಳು. ನಾನು ಶಾಲೆಯಿಂದ ಬಂದು, ಅಡುಗೆಮನೆಯ ಮೂಲೆಯಲ್ಲಿ ಹಿಟ್ಟಿನ ಚೀಲದ ಮೇಲೆ ಕೂತು, ಬಿಸಿ ರೊಟ್ಟಿಗೆ ಕೆಂಪು ಖಾರ, ಎಣ್ಣೆ ಹಚ್ಚಿಕೊಳ್ಳುವ ಹೊತ್ತಿಗೆ ಅದು ಶುರುವಾಗುತ್ತಿತ್ತು.

“ಯಕ್ಕಾ, ಈ ಹಿಟ್ಟಿಗೆ ಜಿಗೀನ ಇಲ್ಲ. ಬಡದ್ರ ಹರೀತೈತಿ. ನಾಳಿಂದ ನಾ ಬರಂಗಿಲ್ಲ. ಆ ಗಿರಣಿಯವನ್ನ ಕರಕೊಂಡ ಬಂದು ರೊಟ್ಟಿ ಬಡಸ್ಕೊ.”

“ಬರಬ್ಯಾಡ ಹೋಗ,” ಪಲ್ಯ ತಿರುವುತ್ತಲೇ ಅವ್ವ ಅನ್ನುತ್ತಿದ್ದಳು. “ಹೋಗೂ ಮುಂದ ಹಂಚಿನ ಮ್ಯಾಲಿಂದು ತಗದು ಹೋಗು, ಕರಕಾಗಾಕತ್ತೈತಿ.”

“ಆದ್ರ ಆಗ್ಲಿ ಬಿಡು. ನಿನ್ನ ಬದನಿಕಾಯಿಗಿಂತ ರುಚಿ ಇರ್ತೈತಿ.”

ಇಬ್ಬರೂ ನಗುತ್ತಿದ್ದರು. ಮರುದಿನ ಅವ್ವ ಬೇರೆ ಗಿರಣಿಯ ಹಿಟ್ಟು ತರಿಸುತ್ತಿದ್ದಳು. ಶಂಕ್ರಮ್ಮ ಲಿಂಗಂಪಲ್ಲಿಯಿಂದ ಲೋಕಲ್ ಟ್ರೇನ್ ಹಿಡಿದು ಬಂದು, ಅದರಲ್ಲೊಂದು ಹೊಸ ಕೊಂಕು ಹುಡುಕುತ್ತಿದ್ದಳು.

ಆ ಚಳಿಗಾಲ ಅಪ್ಪ ಒಲೆಯ ಮೇಲಿನ ಗೋಡೆಗೆ ಕ್ಯಾಮೆರಾ ಹಾಕಿಸಿದ. ತಾನು ಕೂರುವ ಗಲ್ಲಾದ ಪಕ್ಕ ಒಂದು ಸಣ್ಣ ಟಿವಿ ಇಟ್ಟ. ಅದರಲ್ಲಿ ಅವ್ವ, ಶಂಕ್ರಮ್ಮ ಇಬ್ಬರೂ ಬೂದು ಬಣ್ಣಕ್ಕೆ ತಿರುಗಿದ್ದರು. ಮುಖ ಕಾಣುತ್ತಿರಲಿಲ್ಲ, ನೆತ್ತಿ ಮಾತ್ರ.

“ಇದು ಯಾರನ್ನ ನೋಡಾಕ್ರಿ ಅಣ್ಣಾರ?” ಶಂಕ್ರಮ್ಮ ಕೇಳಿದಳು.

“ಕಳ್ಳರು ಗಿಳ್ಳರು ಬರ್ತಾರಲ್ಲ, ಅದಕ್ಕ. ಈಗ ಎಲ್ಲಾ ಹೋಟೆಲ್‌ದಾಗೂ ಹಾಕಿಸ್ಯಾರ.”

“ಹಗಲೊತ್ತು ಇಲ್ಲಿ ನಾವ ಇರ್ತೀವಲ್ರಿ.”

ಅಪ್ಪ ನಕ್ಕ. ಅವ್ವ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು, ತಲೆ ಎತ್ತಲಿಲ್ಲ.

ಮರುದಿನದಿಂದ ಶಂಕ್ರಮ್ಮ ಜಗಳ ಬಿಟ್ಟಳು. ದಪ್ ದಪ್ ಎಂದು ರೊಟ್ಟಿ ಬಡಿಯುವ ಸದ್ದು ಮಾತ್ರ. ಅದು ಅಷ್ಟು ಜೋರಾಗಿರುತ್ತದೆಂದು ಅದಕ್ಕೂ ಮುಂಚೆ ನನಗೆ ಗೊತ್ತೇ ಇರಲಿಲ್ಲ. ಈ ಸದ್ದು ಒಂದು ದಿನ ನಿಲ್ಲುತ್ತದೆ, ಆಮೇಲೆ ಅವ್ವ ಇಲ್ಲಿ ಒಬ್ಬಳೇ ಆಗುತ್ತಾಳೆ ಅನಿಸುತ್ತಿತ್ತು. ಹೆದರಿಕೆ ತಾಳದೆ ನಾನೇ ಶಂಕ್ರಮ್ಮನನ್ನು ಕೆಣಕಿದೆ. ಅವಳನ್ನು ನಾನು ಚಿಗವ್ವ ಎನ್ನುತ್ತಿದ್ದೆ.

“ಚಿಗವ್ವಾ, ಇವತ್ತ ಹಿಟ್ಟು ಹೆಂಗೈತಿ?”

“ಚೊಲೊ ಐತ್ರಿ.”

ರೊಟ್ಟಿಯ ಅಂಚು ಸೀಳಿದ್ದು ನನಗೇ ಕಾಣುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅಲ್ಲಿಯವರೆಗೆ ‘ಏ ಗುಂಡಿ’ ಎಂದು ಕರೆಯುತ್ತಿದ್ದವಳು ನನಗೆ ‘ರಿ’ ಹಚ್ಚಿದ್ದಳು. ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲೇ ಇಟ್ಟೆ.

ಅಪ್ಪನಿಗೆ ಖುಷಿಯೋ ಖುಷಿ. “ನೋಡು, ಗದ್ದಲಿಲ್ಲ ಗಲಾಟಿಲ್ಲ, ಹೆಂಗ ಶಾಂತ ನಡದೈತಿ ಕೆಲಸ!”

ಕ್ಯಾಮೆರಾದ ಕೆಂಪು ದೀಪ ಮಿನುಗುತ್ತ ನನ್ನನ್ನೇ ನೋಡುತ್ತಿತ್ತು ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಅದಕ್ಕೆ ದೀಪವೇ ಇರಲಿಲ್ಲ ಎನ್ನುತ್ತಾನೆ ಅಪ್ಪ. ಇರಲಿಕ್ಕಿಲ್ಲ. ಆದರೆ ಅದು ಈಗಲೂ ನನಗೆ ಕಾಣುತ್ತದೆ.

ಒಂದು ದಿನ ಶಂಕ್ರಮ್ಮ ಬರಲಿಲ್ಲ. ಸಂಜೆ ಅವ್ವ ನನ್ನನ್ನು ಕರೆದುಕೊಂಡು ಲಿಂಗಂಪಲ್ಲಿಯ ಅವಳ ಮನೆಗೆ ಹೋದಳು. ಒಂದೇ ಕಪ್ಪಿನ ಚಹಾ ಬಸಿಗೆ ಸುರಿದು ಹಂಚಿಕೊಂಡು ಕುಡಿಯುತ್ತಿದ್ದವರು ಅವ್ವ ಮತ್ತು ಶಂಕ್ರಮ್ಮ. ಅಲ್ಲಿ ಶಂಕ್ರಮ್ಮ ಪಕ್ಕದ ಮನೆಯಿಂದ ಕುರ್ಚಿ ತರಿಸಿದಳು.

“ಮ್ಯಾಲ ಕೂಡ್ರಿ ಮೇಡಂ.”

ಅವ್ವ ಕೂರಲಿಲ್ಲ. “ಸಿಟ್ಟಾಗೀಯೇನ?”

“ಯಾಕ ಸಿಟ್ಟಾಗ್ಲಿರಿ? ಮೈಯಾಗ ಆರಾಮಿದ್ದಿಲ್ಲ.”

“ಆ ಸುಡಗಾಡ ಕ್ಯಾಮೆರಾ ತಗಸ್ತೀನಿ, ಅವ್ರಿಗೆ ಹೇಳ್ತೀನಿ.”

“ಇರ್ಲಿ ಬಿಡ್ರಿ. ನಿಮ್ಮ ಖಾನಾವಳಿ, ನಿಮ್ಮ ಕ್ಯಾಮೆರಾ.”

“ಬೈಯರ ಬೈಯವ್ವಾ ನನಗ,” ಅಂದಳು ಅವ್ವ.

ಶಂಕ್ರಮ್ಮ ಸೆರಗಿನಿಂದ ಕುರ್ಚಿಯ ಧೂಳು ಒರೆಸಿದಳು.

“ನಾಳಿಗೆ ಬರ್ತೀಯಲ್ಲ?”

“ಬರ್ತೀನ್ರಿ ಮೇಡಂ.”

ಹಿಂದಿರುಗುವಾಗ ಅವ್ವ ಹಗುರಾಗಿದ್ದಳು. ಪ್ಲಾಟ್‌ಫಾರ್ಮಿನಲ್ಲಿ ಹುರಿದ ಶೇಂಗಾ ಕೊಡಿಸಿದಳು. “ಬರ್ತೀನಿ ಅಂದ್ಲಲ್ಲ, ಕೇಳಿದಿಲ್ಲೊ?” ಎಂದಳು. ನಾನು ಕೇಳಿದ್ದೆ. ಶಂಕ್ರಮ್ಮನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಟ್ರೇನಿನಲ್ಲಿ ದಾರಿಯುದ್ದಕ್ಕೂ ನಾನು ಅವ್ವನ ಸೆರಗು ಬಿಡಲಿಲ್ಲ.

ಶಂಕ್ರಮ್ಮ ಬರಲಿಲ್ಲ. ಮರುದಿನವೂ, ಮುಂದೆ ಯಾವತ್ತೂ.

ಅವ್ವ ಸ್ಟೂಲ್ ಹತ್ತಿ ಕ್ಯಾಮೆರಾ ಕಿತ್ತೆಸೆದಳು ಎಂದು ಬರೆಯಲು ಕೈ ಹೋಗುತ್ತದೆ. ಕೀಳಲಿಲ್ಲ. ಹೇಳುತ್ತೇನೆ ಎಂದಿದ್ದವಳು ಅಪ್ಪನಿಗೆ ಹೇಳಿದಳೋ ಇಲ್ಲವೋ, ಅದೂ ಗೊತ್ತಿಲ್ಲ. ಕ್ಯಾಮೆರಾದ ಕೆಳಗೇ ಕೂತು ತಾನೇ ರೊಟ್ಟಿ ಬಡಿದಳು. ಅಪ್ಪ ಗಲ್ಲಾದಲ್ಲಿ ಕೂತು ಅದನ್ನು ಟಿವಿಯಲ್ಲಿ ನೋಡಿದ.

ಈಗ ಖಾನಾವಳಿ ಮಾದಾಪುರದಲ್ಲಿದೆ, ನಡೆಸುವವಳು ನಾನು. ರೊಟ್ಟಿಗೆ ನಾಲ್ವರು ಹೆಂಗಸರಿದ್ದಾರೆ. ಹೊತ್ತಿಗೆ ಸರಿಯಾಗಿ ಬರುತ್ತಾರೆ, ಒಬ್ಬರೂ ಎದುರು ಮಾತಾಡುವುದಿಲ್ಲ. ಇಂಥವರು ಸಿಗುವುದು ಪುಣ್ಯ ಎನ್ನುತ್ತಾರೆ ಬಂದವರು. ನನ್ನ ಅಡುಗೆಮನೆಯಲ್ಲಿ ಕ್ಯಾಮೆರಾ ಇಲ್ಲ. ಆದರೂ ಅವ್ವನಿಗೆ ದಿನಾ ಸಿಕ್ಕುತ್ತಿದ್ದ ಬೈಗುಳ ನನಗೆ ಒಮ್ಮೆಯೂ ಸಿಕ್ಕಿಲ್ಲ. ದಿನಾ ಒಳಗೆ ಹೋಗಿ ಕೇಳುತ್ತೇನೆ, “ಏನರ ತ್ರಾಸ ಐತೇನ್ರವ್ವಾ?”

“ಏನಿಲ್ರಿ ಮೇಡಂ.”

ನಿನ್ನೆ ಊಟಕ್ಕೆ ಕೂತಾಗ ರೊಟ್ಟಿಯಲ್ಲಿ ಮರಳು ಹಲ್ಲಿಗೆ ಸಿಕ್ಕಿತು. ವಾರದಿಂದ ಅದೇ ಹಿಟ್ಟು. ನಾಲ್ವರ ಕೈಗೂ ಮರಳು ತಾಗಿರಲೇಬೇಕು. ಒಳಗೆ ನೋಡಿದೆ. ನಾಲ್ವರೂ ತಲೆ ತಗ್ಗಿಸಿ ಬಡಿಯುತ್ತಿದ್ದರು.