ಉಳಿ ತಾಗದ ಕಲ್ಲು

ಹೋದ ಭಾನುವಾರ ಬೆಳಿಗ್ಗೆ ಏಳೂವರೆಗೆ ನಾನು ರಾವೂರಿನ ಹೊರಗೆ, ಶರಣಮ್ಮನ ತೊಗರಿ ಹೊಲದ ಮೂಡಣ ಬದುವಿನ ಮೇಲೆ, ಬೇವಿನ ಮರಕ್ಕೆ ಬೆನ್ನು ಕೊಟ್ಟು ನಿಂತಿದ್ದೆ. ಇಪ್ಪತ್ತು ಹೆಜ್ಜೆ ಮುಂದೆ ಜಾಲಿಯೂ ತಂಗಡಿಯೂ ಹೆಣೆದುಕೊಂಡ ಒಂದು ದಿಬ್ಬ. ಹಿಂದಿನ ದಿನ ಮಳೆಯಾಗಿತ್ತು. ನೆನೆದ ಸುಣ್ಣಗಲ್ಲಿನ ವಾಸನೆ ಬಂದದ್ದೇ ತಡ, ವಾಡಿಯ ನಮ್ಮ ಮನೆಯ ಹಿತ್ತಿಲು ನೆನಪಾಯಿತು. ಕಾರಣ ಹೇಳಲು ನಿಮ್ಮೆದುರು ಈಗಲೂ ಸಂಕೋಚ.

ಮನೆ ಕಟ್ಟಿಸಿದ ವರ್ಷ ನನಗೆ ಕಲ್ಲಿನ ಹುಚ್ಚು. ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಸೀಮೆಯಲ್ಲಿ ಹುಟ್ಟಿದವನಿಗೆ ಚಪ್ಪಟೆ ಕಲ್ಲು ಕಂಡರೆ ಕೈ ಸುಮ್ಮನಿರದು. ಆಗ ರಾವೂರಿನ ಶಾಲೆಯಲ್ಲಿ ಮಾಸ್ತರನಾಗಿದ್ದೆ. ದಾರಿಯಲ್ಲೇ ಈ ದಿಬ್ಬ. ಹೊಲದಲ್ಲಿ ಆಯ್ದ ಕಲ್ಲುಗಳನ್ನೆಲ್ಲ ಶರಣಮ್ಮನ ಮನೆಯವರು ತಲೆಮಾರುಗಳಿಂದ ಅಲ್ಲೇ ಎಸೆಯುತ್ತಿದ್ದರು. ಅಂಚಿನಲ್ಲಿ ನೆಟ್ಟಗೆ ನಿಂತಿದ್ದ ಹಾಸುಗಲ್ಲೊಂದನ್ನು ಒಯ್ಯಲೇ ಎಂದು ಶರಣಮ್ಮನನ್ನು ಕೇಳಿದೆ.

"ಒಯ್ರಿ ಮಾಸ್ತರ್, ಎತ್ತಿನ ಕಾಲಿಗೆ ಬಡಿಯೂದಾರ ತಪ್ಪತದ" ಎಂದಳು.

ನನ್ನ ಹೆಂಡತಿ ನಾಗಮ್ಮ ಎರಡು ವರ್ಷ ಅದರ ಮೇಲೆ ಬಟ್ಟೆ ಒಗೆದಳು.

ಆಮೇಲೆ ಹಿತ್ತಿಲಿಗೆ ಫರ್ಸಿ ಹಾಸಲು ಮೆಹಬೂಬ ಮೇಸ್ತ್ರಿ ಬಂದರು. ಯಾವ ಕಲ್ಲನ್ನೂ ಸುತ್ತಿಗೆಯಿಂದ ತಟ್ಟಿ ಕಿವಿಗೊಡದೆ ಎತ್ತುವವರಲ್ಲ. ಒಗೆಯುವ ಕಲ್ಲನ್ನು ತಟ್ಟಿದರು, ಅಂಚಿನ ಮೇಲೆ ಬೆರಳಾಡಿಸಿದರು, ಕುಕ್ಕರಗಾಲಲ್ಲಿ ಕೂತೇಬಿಟ್ಟರು.

"ಇದಕ್ಕ ಉಳಿ ತಾಗೇ ಇಲ್ರಿ. ಕಲ್ಲಿಲೇ ಕಲ್ಲು ಬಡದು ಅಂಚು ತಗದಾರ. ಎಲ್ಲಿಂದ ತಂದ್ರಿ?"

ಅದೇ ಸಂಜೆ ಮೇಸ್ತ್ರಿ, ಶರಣಮ್ಮ, ನಾಗಮ್ಮ, ನಾನು ಸೇರಿ ದಿಬ್ಬದ ಮುಳ್ಳು ಸವರಿದೆವು. ನೆಟ್ಟ ಕಲ್ಲುಗಳು ದುಂಡಗೆ ಒಂದೊಂದಾಗಿ ಹೊರಬಂದವು, ಹತ್ತೊಂಬತ್ತು. ಇಪ್ಪತ್ತನೆಯದರ ಜಾಗದಲ್ಲಿ ಬಿದ್ದ ಹಲ್ಲಿನಂಥ ತೆರವು. ಒಳಗೆ ಕುಸಿದ ಮಣ್ಣಿನಲ್ಲಿ ಕಪ್ಪು-ಕೆಂಪು ಗಡಿಗೆಯೊಂದರ ಬಾಯಿ. ಮೇಸ್ತ್ರಿ ಹೆಗಲ ಮೇಲಿನ ರುಮಾಲು ತಲೆಗೆ ಸುತ್ತಿಕೊಂಡರು.

"ಭಾಳ ಹಿಂದಿನ ಕಾಲದಾಗ ಯಾರನ್ನೋ ಇಲ್ಲಿ ಮಣ್ಣು ಮಾಡ್ಯಾರ. ನಮ್ಮಂಗ ಕಲ್ಲಿನ ಕೆಲಸದವರೇ ಇರಬೇಕು."

ಗಡಿಗೆಯನ್ನು ಮುಟ್ಟಲಿಲ್ಲ. ಮರುದಿನ ಕಲ್ಲನ್ನು ತಂದು ಅದರ ಜಾಗದಲ್ಲೇ ನೆಟ್ಟೆವು. "ಆಗಾಗ ಬಂದು ಎಣಿಸಿ ಹೋಗ್ರಿ" ಎಂದರು ಮೇಸ್ತ್ರಿ. ಹೂಂ ಎಂದೆ. ಆಮೇಲೆ ಸೇಡಂಗೆ ವರ್ಗ, ಚಿಂಚೋಳಿಗೆ ವರ್ಗ, ಒಮ್ಮೆಯೂ ಹೋಗಲಿಲ್ಲ.

ಈಗ ಪಕ್ಕದ ಹೊಲದವರೆಗೂ ಕಲ್ಲು ತೆಗೆಯುವ ಖಣಿ ಬಂದಿದೆ ಎಂದು ಕೇಳಿ, ಹೋದ ಭಾನುವಾರ ನಾಗಮ್ಮನನ್ನು ಕರೆದುಕೊಂಡು ಓಡಿಬಂದಿದ್ದೆ. ಕಲ್ಲು ಒಯ್ಯುವವರ ಕಣ್ಣು ಮೊದಲು ಬೀಳುವುದು ನಾವು ಮರಳಿ ನೆಟ್ಟ ಆ ಕಲ್ಲಿನ ಮೇಲೇ. ನನ್ನ ಕಣ್ಣೂ ಬಿದ್ದಿತ್ತಲ್ಲ!

ಕುಡುಗೋಲು ಹಿಡಿದು ಶರಣಮ್ಮ ಬಂದಳು. ಕೂದಲೆಲ್ಲ ಬೆಳ್ಳಗಾಗಿವೆ.

"ಏನ್ ಮಾಸ್ತರ್, ಇನ್ನೊಂದು ಒಯ್ಯಾಕ ಬಂದೀರೇನ್?"

ಮೂವರೂ ಮುಳ್ಳು ಸವರಿದೆವು. ಎರಡು ಸಲ ಎಣಿಸಿದೆ: ಒಮ್ಮೆ ಹದಿನೆಂಟು, ಒಮ್ಮೆ ಹತ್ತೊಂಬತ್ತು. ಎಲ್ಲ ಕಲ್ಲೂ ಪಾಚಿಗೆ ಕಪ್ಪಾಗಿ ಒಂದೇ ಬಣ್ಣ. ನಮ್ಮದು ಯಾವುದು, ಇದೆಯೋ ಇಲ್ಲವೋ ತಿಳಿಯಲಿಲ್ಲ. ನಾಗಮ್ಮ ಬಗ್ಗಿ, ಒಂದೊಂದರ ಮೇಲೂ ಅಂಗೈ ಸವರುತ್ತ ಹೊರಟಳು. ತಂಗಡಿಯ ಬುಡಕ್ಕೆ ಕೈಹಾಕಿದವಳು ಅಲ್ಲೇ ನಿಂತಳು.

"ಇಲ್ಲೇ ಅದ ನೋಡ್ರಿ. ಈ ಕಡಿ ನುಣ್ಣಗದ."

"ನನಗ್ಯಾಕ ಗೊತ್ತಾಗಲಿಲ್ಲ?"

"ಒಂದಿನಾರ ಅರಬಿ ಒಗದಿದ್ರ ಗೊತ್ತಾಗ್ತಿತ್ತು."

ಶರಣಮ್ಮ ನಗುತ್ತ ಬದುವಿನ ಮೇಲೆ ಕೂತಳು. ಅದೂ ಸೇರಿ ಇಪ್ಪತ್ತೂ ಇದ್ದವು. ಖಣಿಯವರು ಕೇಳಲಿಲ್ಲವೇ ಎಂದೆ.

"ಕೇಳಿದ್ರು. ನಮ್ಮ ಮಾಸ್ತರ್ ತಿಂಗಳಾ ಬಂದು ಎಣಿಸಿ ಬರ್ಕೊಂಡು ಹೋಗ್ತಾರ, ಒಂದು ಕಮ್ಮಿ ಆದ್ರ ಬಿಡಂಗಿಲ್ಲ ಅಂತ ಹೆದರಿಸೀನಿ."

ಬಾರದ ಮಾಸ್ತರನ ಹೆಸರಿನಲ್ಲಿ ಇಷ್ಟು ವರ್ಷ ಕಾವಲು ನಡೆದಿತ್ತು. ಇನ್ನು ತಿಂಗಳಿಗೊಮ್ಮೆ ಹೋಗದೆ ವಿಧಿಯಿಲ್ಲ; ಅವಳ ಮಾತು ಸುಳ್ಳಾಗಬಾರದು.

ಆ ಸಂಜೆ ತೆರವಾದ ಜಾಗ ಕಂಡವರು ನಾವು ನಾಲ್ವರು. ಮೆಹಬೂಬ ಮೇಸ್ತ್ರಿ ಈಗ ಶಹಾಬಾದಿನ ಮಣ್ಣಿನಲ್ಲಿದ್ದಾರೆ. ನನ್ನನ್ನು ಬಿಟ್ಟರೆ ಇರುವವರು ಇಬ್ಬರು: ರಾವೂರಿನ ಶರಣಮ್ಮ, ಈಗಲೂ ದಿಬ್ಬವನ್ನು ಬಿಟ್ಟು ಅದರ ಸುತ್ತಲಷ್ಟೇ ತೊಗರಿ ಬಿತ್ತುತ್ತಾಳೆ; ವಾಡಿಯ ನಾಗಮ್ಮ, ಅಂಥ ಒಗೆಯುವ ಕಲ್ಲು ಮತ್ತೆ ಸಿಗಲೇ ಇಲ್ಲ ಎನ್ನುತ್ತಾಳೆ.